‘ರನ್’ ಅಂದರೆ ಬರೀ ಓಡೋದಾ?

ಪತ್ರ: ಕಾಳಿ ನದಿ ಕಾರವಾರದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ ಅನ್ನೋದಕ್ಕೆ ಇಂಗ್ಲಿಷ್ ಪಾಠದಲ್ಲಿ ‘ರನ್ಸ್ ಇಂಟು’ ಅಂತಿತ್ತು. ಏಳನೇ ಕ್ಲಾಸಿನ ಮಗ ನಿಘಂಟು ನೋಡಿ ‘ಕಾಳಿ ನದಿ ಸಮುದ್ರಕ್ಕೆ ಡಿಕ್ಕಿ ಹೊಡೆಯುತ್ತದೆ’ ಎಂದು ಬರೆದ. ಈ ‘ರನ್’ಗೆ ಎಷ್ಟು ಅರ್ಥ? ಎಲ್ಲ ಬಾಯಿಪಾಠ ಮಾಡಿಸಬೇಕಾ?
– ಓದುಗರೊಬ್ಬರು, ಕುಮಟಾ

ಉತ್ತರ: ಮಗನಿಗೆ ಬಯ್ಯಬೇಡಿ. ನಿಘಂಟಿನಲ್ಲಿ ಆ ಅರ್ಥವೂ ಇದೆ. ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದಲ್ಲಿ ನಿಂತು ಕಾಳಿಯನ್ನು ನೋಡಿದರೆ ಅವನು ಬರೆದದ್ದು ಪೂರ್ತಿ ಸುಳ್ಳು ಅಂತಲೂ ಅನ್ನಿಸುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದಕ್ಕೆ ಸುಮಾರು 9 ತಿಂಗಳು ಕೂತರು. ಬಾಯಿಪಾಠದ ಆಸೆ ಇಲ್ಲಿಗೇ ಬಿಡಿ.

ಓಡುತ್ತಿರುವುದು ಯಾರು ಅಂತ ಮೊದಲು ನೋಡಲಿ. ಹುಡುಗನಾದರೆ ಓಡುತ್ತಾನೆ. ನದಿಯಾದರೆ ಹರಿಯುತ್ತದೆ. ಮೂಗಾದರೆ ಸೋರುತ್ತದೆ, ಹೊಸ ಸೀರೆಯಾದರೆ ಬಣ್ಣ ಬಿಡುತ್ತದೆ. ಇಂಗ್ಲಿಷಿನವರ ಅಂಗಡಿ ಓಡುತ್ತದೆ, ನಮ್ಮದು ನಡೆಯುತ್ತದೆ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ನಾವು ನಿಲ್ಲುತ್ತೇವೆ. ಬ್ರಿಟಿಷರೂ ನಿಲ್ಲುವವರೇ, ಬಿಡಿ.

ಆಮೇಲೆ ಬಾಲ ನೋಡಬೇಕು, ಅಂದರೆ ‘ರನ್’ ಆದ ಮೇಲೆ ಅಂಟಿಕೊಂಡು ಬರುವ ಪದ. ಕ್ರಿಕೆಟ್ಟಿನ ‘ರನ್ ಔಟ್’ ಅವನಿಗೆ ಗೊತ್ತೇ ಇರುತ್ತದೆ. ಕಾರವಾರದ ಬೈತಖೋಲ ಬಂದರಿನಿಂದ ಹೊರಟ ಬೋಟಿನಲ್ಲಿ ನಡು ಸಮುದ್ರದಲ್ಲಿ ಡೀಸೆಲ್ ಖಾಲಿಯಾದರೂ ‘ರನ್ ಔಟ್’ ಅಂತಲೇ ಹೇಳುತ್ತಾರೆ, ಅಲ್ಲಿ ಅಂಪೈರ್ ಇಲ್ಲ ಅಷ್ಟೆ.

ಇಂಗ್ಲಿಷ್ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಶಿರಸಿ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ‘ಹೊಡೆಯುತ್ತಾರೆ’. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಅದು. ಗೊನೆಗೆ ಸಿಂಪಡಿಸುವುದೇ ಹೊರತು ಒಂದೇಟೂ ಬೀಳುವುದಿಲ್ಲ. ಮದ್ದು ಹೊಡೆದು ಬಂದವನು ಜಗಲಿಯಲ್ಲಿ ಹರಟೆ ಹೊಡೆಯುತ್ತಾನೆ, ಊಟ ಮಾಡಿ ನಿದ್ದೆ ಹೊಡೆಯುತ್ತಾನೆ. ನಿಮ್ಮ ಮಗ ಇದನ್ನೆಲ್ಲ ಪಟ್ಟಿ ಮಾಡಿ ಕಲಿತನಾ? ಕೇಳಿ ಕೇಳಿ ಬಂತು, ಅಲ್ವಾ?

ಹಾಗಾಗಿ ನೋಟ್‌ಬುಕ್ಕಿನಲ್ಲಿ ಸುಮ್ನೆ ‘ರನ್ = ಓಡು’ ಅಂತ ಬರೆಸಬೇಡಿ, ಇಡೀ ವಾಕ್ಯ ಬರೆಸಿ. ಪೇಪರಿನಲ್ಲಿ, ಕಾಮೆಂಟರಿಯಲ್ಲಿ ಸಿಕ್ಕಿದಾಗೆಲ್ಲ ಒಂದೊಂದು ಸೇರಿಸಲಿ. ವಾರಕ್ಕೆ ಎರಡಾದರೂ ಜಾಸ್ತಿಯೇ. ಪಕ್ಕದಲ್ಲಿ ‘ಗೆಟ್’ಗೂ ಒಂದೆರಡು ಪುಟ ಖಾಲಿ ಇಟ್ಟಿರಿ. ಅದು ಇದಕ್ಕಿಂತ ತರ್ಲೆ.

– ಸಂಪಾದಕ