ಬ್ರೆಸ್ಟ್ ರಿಡಕ್ಷನ್ ಮಾಡಿಸಿಕೊಂಡವರು ಆಮೇಲೆ ಆರಾಮಾಗಿದ್ದೀರಾ?

ನೀವು ಕೇಳಿದ್ದು: ‘ನನಗೆ 34 ವರ್ಷ. ಎದೆ ಭಾರಕ್ಕೆ ಕತ್ತು, ಬೆನ್ನು ನೋವು. ಎದೆಯ ಗಾತ್ರ ಇಳಿಸುವ ಈ ಸರ್ಜರಿ ಮಾಡಿಸಿಕೊಂಡವರಿಗೆ ಸಮಾಧಾನ ಇದೆಯಾ? ಇನ್ನೊಂದು ಮಗುವಿನ ಯೋಚನೆಯೂ ಇದೆ.’

ನಾನು ಹಾಸನದವಳು, ಪ್ರೈಮರಿ ಸ್ಕೂಲ್ ಟೀಚರ್. ಬೆಂಗಳೂರಿನಲ್ಲಿ ಮಾಡಿಸಿಕೊಂಡು ಮೂರು ವರ್ಷ ಆಯಿತು. ಈಗ ಕೇಳಿದರೆ ಆರಾಮಾಗಿದ್ದೇನೆ. ಮೊದಲ ತಿಂಗಳು ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ಮೊದಲು ಬ್ರಾ ಪಟ್ಟಿ ಒತ್ತಿ ಎರಡೂ ಹೆಗಲ ಮೇಲೆ ಬೆರಳು ಕೂರುವಷ್ಟು ಹಳ್ಳ ಬಿದ್ದಿತ್ತು. ಬೇಸಿಗೆ ಬಂತೆಂದರೆ ಎದೆಯ ಕೆಳಗೆ ಬೆವೆತು ಚರ್ಮ ಕೆಂಪಾಗಿ ಉರಿಯುತ್ತಿತ್ತು. ಪೌಡರ್ ಹಾಕಿ, ಹಳೇ ಕಾಟನ್ ಸೀರೆ ತುಂಡು ಮಡಚಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಮಾತ್ರೆ, ಬೆಲ್ಟು, ಫಿಸಿಯೋಥೆರಪಿ ಎಲ್ಲಾ ಆಯಿತು. ಬೆನ್ನಿನ ಎಕ್ಸ್‌ರೇ ನೋಡಿದ ಯಾರೂ ಎದೆ ಭಾರದ ಮಾತೆತ್ತಲಿಲ್ಲ. ನಾನೂ ನಾಚಿಕೆಗೆ ಹೇಳಲಿಲ್ಲ ಬಿಡಿ. ಕೊನೆಗೆ ಹೇಳಿದಾಗ ನಮ್ಮತ್ತೆ, "ದೇವರು ಕೊಟ್ಟಿದ್ದನ್ನ ಯಾಕಮ್ಮಾ ಕುಯ್ಯಿಸ್ಕೊಳ್ತೀಯಾ" ಅಂದರು.

ವಯಸ್ಸು 40 ದಾಟಿದ್ದಕ್ಕೆ ಮೊದಲು ಮ್ಯಾಮೋಗ್ರಾಂ ಮಾಡಿಸಿದರು. ಪೂರ್ತಿ ಅರಿವಳಿಕೆ ಕೊಟ್ಟು, ಎರಡೂ ಕಡೆ ಸೇರಿ ಒಂದೂಕಾಲು ಕೆಜಿ ತೆಗೆದರು. ವಾಪಸ್ ಬರುವಾಗ ಎದೆಗೂ ಸೀಟ್ ಬೆಲ್ಟಿಗೂ ನಡುವೆ ದಿಂಬು. ಹಿರೀಸಾವೆ ದಾಟುವಷ್ಟರಲ್ಲಿ ಸಾಕಪ್ಪಾ ಅನ್ನಿಸಿತ್ತು. ಆರು ವಾರ ಕೊಡ ಎತ್ತುವಂತಿಲ್ಲ, ತಂತಿ ಮೇಲೆ ಬಟ್ಟೆ ಹರವುವಂತಿಲ್ಲ. ಹೊಲಿಗೆಗಳು ಕೂಡುವ ಜಾಗದಲ್ಲಿ ಬಲಗಡೆ ಗಾಯ ಸ್ವಲ್ಪ ಬಿಟ್ಟುಕೊಂಡು ಮೂರು ವಾರ ಡ್ರೆಸಿಂಗ್ ಮಾಡಿಸಿದೆ. ಅಲ್ಲಿ ಹಾಗಾಗುವುದು ಅಪರೂಪವೇನಲ್ಲವಂತೆ. ಕಲೆ ಒಂದು ವರ್ಷ ಕೆಂಪಗಿತ್ತು. ಈಗ ಮಾಸಿದೆ, ಆದರೆ ಹೋಗಿಲ್ಲ. ಎಡಗಡೆ ತೊಟ್ಟಿನಲ್ಲಿ ಸ್ಪರ್ಶವೂ ಕಮ್ಮಿ.

ಈ ಸಮಾಧಾನ ಅಳೆಯುವುದಕ್ಕೆಂದೇ ಬ್ರೆಸ್ಟ್-ಕ್ಯೂ ಅಂತ ಪ್ರಶ್ನಾವಳಿ ಇದೆ, 2009ರಲ್ಲಿ ಬಂದಿದ್ದು. ಆಪರೇಷನ್‌ಗೆ ಮೊದಲೂ ಆಮೇಲೂ ತುಂಬಿಸಿ, ಅಂಕ 0ಯಿಂದ 100ರವರೆಗೆ ಹಾಕುತ್ತಾರೆ. ನೋಟ, ನೋವು, ಮನಸ್ಸು, ದಾಂಪತ್ಯ, ಎಲ್ಲದರಲ್ಲೂ ಸಾಮಾನ್ಯವಾಗಿ ಅಂಕ ಚೆನ್ನಾಗಿಯೇ ಏರುತ್ತದೆ. ನನ್ನ ಲೆಕ್ಕ ಬೇರೆ. ಬೋರ್ಡ್ ಮೇಲೆ ಬರೆಯುತ್ತಾ ಒಂದಿನ ಬೆಲ್ ಹೊಡೆಯಿತು. ಅಷ್ಟು ಹೊತ್ತೂ ಬೆನ್ನು ಇದೆ ಅನ್ನುವುದೇ ನೆನಪಾಗಿರಲಿಲ್ಲ. ನಮ್ಮ ಟೈಲರ್ ಅಂತೂ ಹಳೇ ಅಳತೆ ಬ್ಲೌಸ್ ಪಕ್ಕಕ್ಕಿಟ್ಟು, ಟೇಪ್ ಹಿಡಿದು ಎರಡೆರಡು ಸಲ ಅಳೆದಳು.

ಇನ್ಶೂರೆನ್ಸ್‌ನವರು ಸುಮ್ನೆ ಕೊಡುವುದಿಲ್ಲ, ಅಂದಕ್ಕೆ ಮಾಡಿಸಿದ್ದು ಅಂದುಬಿಡುತ್ತಾರೆ. ಫಿಸಿಯೋಥೆರಪಿ ಚೀಟಿ, ಚರ್ಮದ ಫೋಟೋ ಈಗಿನಿಂದಲೇ ಎತ್ತಿಡಿ.

ಮಗುವಿನ ವಿಷಯ ಮಾತ್ರ ಸರ್ಜನ್‌ಗೆ ಎಲ್ಲಕ್ಕಿಂತ ಮೊದಲು ಹೇಳಿ. ಆಮೇಲೆ ಹಾಲು ಕಮ್ಮಿಯಾಗಬಹುದು. ತೊಟ್ಟು ಮತ್ತು ಹಾಲಿನ ನಾಳಗಳನ್ನು ಹೇಗೆ ಉಳಿಸುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ. ಬಸುರಿಯಾದಾಗ ಗಾತ್ರವೂ ಮತ್ತೆ ಬದಲಾಗಬಹುದು. ನನಗೆ ಆಗಲೇ ಎರಡು ಮಕ್ಕಳಾಗಿ ಮುಗಿದಿತ್ತು, ಹಾಗಾಗಿ ಈ ಪ್ರಶ್ನೆ ಬರಲಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನು ಹೆರಿಗೆ ಮುಗಿಸಿಯೇ ಹೋಗುತ್ತಿದ್ದೆ.