ಮುಂಬೈ ಹತ್ತಿರ ಅಮ್ಮನ ಜೊತೆ ಕಾಡುದಾರಿಯಲ್ಲಿ ನಡೆದು ಕಣಿವೆ ನೋಡಲು ಎಲ್ಲಿಗೆ ಹೋಗಬಹುದು?

ಶಿವಮೊಗ್ಗದಿಂದ ಬರುವ ನಿಮ್ಮ ತಾಯಿಗೆ ಅರವತ್ತೆರಡು, ದಿನಾ ವಾಕಿಂಗ್ ಮಾಡುತ್ತಾರೆ, ಆದರೆ ಗುಡ್ಡ ಹತ್ತುವುದು ಆಗದು ಅಂತ ಬರೆದಿದ್ದೀರಿ. ಹಾಗಿದ್ದರೆ ಕಣ್ಣುಮುಚ್ಚಿ ಮಾಥೆರಾನ್ ಗಿರಿಧಾಮಕ್ಕೆ ಹೊರಡಿ. ಅಲ್ಲಿ ಕಣಿವೆ ನೋಡುವ ಮೂವತ್ತಕ್ಕೂ ಹೆಚ್ಚು ಪಾಯಿಂಟ್‌ಗಳಿವೆ. ನೀವು ಲೂಯಿಸಾ ಪಾಯಿಂಟ್ ಒಂದನ್ನೇ ಹಿಡಿಯಿರಿ. ಒಂದೇ ದಿನಕ್ಕೆ ಎಲ್ಲ ನೋಡಲು ಹೋದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ನಾನಿರುವುದು ಡೊಂಬಿವಲಿಯಲ್ಲಿ. ಬೆಳಗಿನ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದು, ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿಗೆ ಹೋಗುತ್ತೇವೆ. ಖಾಸಗಿ ವಾಹನಗಳೆಲ್ಲ ಅಲ್ಲಿಗೇ ನಿಲ್ಲಬೇಕು. ಪ್ರವೇಶ ಶುಲ್ಕ ಕಟ್ಟಿ ಒಳಗೆ ಹೋದರೆ ಪೇಟೆಗೆ ಎರಡೂವರೆ ಕಿಲೋಮೀಟರ್ ಚಿಲ್ಲರೆ. ಅಮ್ಮನಿಗೆ ಸುಸ್ತಾದೀತು ಅನಿಸಿದರೆ ಅಮನ್ ಲಾಡ್ಜ್ ಸ್ಟೇಷನ್‌ನಿಂದ ಪುಟ್ಟ ರೈಲು ಇದೆ, 1907ರಲ್ಲಿ ಶುರುವಾದ ಅದೇ ಎರಡಡಿ ಗೇಜಿನ ಹಳಿ. ಶಕ್ತಿ ಪೇಟೆಯಿಂದಾಚೆಗೆ ಉಳಿಯಲಿ, ನಿಜವಾದ ನಡಿಗೆ ಅಲ್ಲಿಯದು.

ಪೇಟೆ ದಾಟಿದ ಮೇಲೆ ಕೆಂಪು ಮಣ್ಣಿನ ದಾರಿ. ನಮ್ಮ ಕರಾವಳಿಯ ಮುರಕಲ್ಲಿನದೇ ಬಣ್ಣ. ಎರಡೂ ಕಡೆ ನೇರಳೆ ಮರಗಳು ಒತ್ತಾಗಿ ಬೆಳೆದು ನಡು ಮಧ್ಯಾಹ್ನವೂ ನೆರಳು. ಕಳೆದ ಸಲ ನನ್ನ ಅತ್ತೆ ಬಿಳಿ ಕಾಲುಚೀಲ ಹಾಕಿಕೊಂಡು ಬಂದಿದ್ದರು, ಷಾರ್ಲಟ್ ಕೆರೆ ಬರುವಷ್ಟರಲ್ಲಿ ಅದು ಕಾವಿ ಬಣ್ಣಕ್ಕೆ ತಿರುಗಿತ್ತು. ಮೂರು ಸಲ ಒಗೆದರೂ ಹೋಗಲಿಲ್ಲ.

ಮರಗಳು ಮುಗಿದಲ್ಲಿ ನೆಲವೂ ಮುಗಿಯುತ್ತದೆ, ಅದೇ ಲೂಯಿಸಾ ಪಾಯಿಂಟ್. ಕೆಳಗೆ ಕಣಿವೆ, ಎದುರಿಗೆ ಪ್ರಬಳಗಡ ಕೋಟೆಯ ಬೆಟ್ಟ. ಆ ಬಂಡೆಯ ಗೋಡೆಯನ್ನು ಸ್ವಲ್ಪ ಹೊತ್ತು ಕುಳಿತು ನೋಡಿ: ಪದರದ ಮೇಲೆ ಪದರ, ಮೆಟ್ಟಿಲಿನ ಹಾಗೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಮತ್ತೆ ಮತ್ತೆ ಹರಿದು ಆರಿದ್ದು ಹಾಗೇ ಕಾಣುತ್ತದೆ. ಅತ್ತೆ ಅಲ್ಲಿ ಅರ್ಧ ಗಂಟೆ ಮಾತೇ ಆಡಲಿಲ್ಲ.

ಜುಲೈನಲ್ಲಿ ಮಾತ್ರ ಬೇಡ. ನಾವೊಮ್ಮೆ ಹೋಗಿ ಒಂದು ಗಂಟೆ ಮಂಜನ್ನೇ ನೋಡಿ ವಾಪಸ್ ಬಂದೆವು, ಪಾಚಿ ಹಿಡಿದ ಕಲ್ಲಿನ ಮೇಲೆ ನನ್ನ ಗಂಡ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಅಕ್ಟೋಬರ್ ಕೊನೆಗೆ ಹೋಗಿ. ಆಗ ಹಸಿರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಹಿಡಿತವಿರುವ ಬೂಟು ಹಾಕಿಸಿ, ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ಕೂರಿಸಿ. ಬುತ್ತಿ ಚೀಲದ ಜಿಪ್ ಎಳೆದಿರಲಿ, ಕೋತಿಗಳು ಪ್ಲಾಸ್ಟಿಕ್ ಚೀಲದ ಸದ್ದಿಗೇ ಇಳಿದು ಬರುತ್ತವೆ. ಕತ್ತಲಾಗುವ ಮುಂಚೆ ದಸ್ತೂರಿಗೆ ವಾಪಸಾದರೆ ನೇರಳ್‌ಗೆ ಟ್ಯಾಕ್ಸಿ ಸಲೀಸಾಗಿ ಸಿಗುತ್ತದೆ.