ಹನ್ನೆರಡನೇ ದಿನದಿಂದ ಶುರು ಮಾಡಿ

ಕುಶಾಲನಗರದ ತಮ್ಮ ಮೊನ್ನೆ ಕೇಳಿದ್ದಕ್ಕೆ ಇದು ಉತ್ತರ. ಉದ್ದ ಆಯ್ತು, ಕಾಫಿ ಕುಡೀತಾ ಓದಿ. ಪ್ರಶ್ನೆ ನೋಡದವರಿಗೆ ಚುಟುಕಾಗಿ: ಸೆಪ್ಟೆಂಬರಿನಲ್ಲಿ 48 ಗಂಟೆಯ ಕಿರುಚಿತ್ರ ಸ್ಪರ್ಧೆ, ವಿಷಯ ಅಗಲಿಕೆ, ಏಳು ನಿಮಿಷ ಮೀರಬಾರದು. ಐದು ಜನರ ತಂಡ, ಎರಡು ಫೋನು. ಅಪ್ಪ ತೀರಿಹೋಗಿ ಬೆಂಗಳೂರಿಂದ ತೋಟಕ್ಕೆ ಬರುವ ಮಗನ ಕಥೆ. ಆಸ್ಪತ್ರೆ, ರಾತ್ರಿ ಫೋನು, ಬಸ್ಸು, ಚಿತೆ, ಎರಡು ಫ್ಲ್ಯಾಶ್‌ಬ್ಯಾಕು, ಕೊನೆಗೆ ಮಳೆಯಲ್ಲಿ ಅಳು. ಒಟ್ಟು ಹದಿನಾಲ್ಕು ಸೀನು. 'ಅಳುಬುರುಕ ಸಿನಿಮಾ ಆಗಬಾರದು, ಟೈಮಿಗೂ ಮುಗೀಬೇಕು, ಏನು ಮಾಡೋದು' ಅಂತ ಕೇಳಿದ್ದಾರೆ.

ಮೊದಲು ನಾನು ಕೆಟ್ಟ ಕಥೆ ಹೇಳಿಬಿಡ್ತೇನೆ. ನಮ್ಮ ಮೊದಲ ಚಿತ್ರವೂ ಸಾವಿನ ಮನೆಯದ್ದೇ. ಬಿಳಿ ಬಟ್ಟೆ ಹಾಕಿದ ಇಪ್ಪತ್ತೆರಡು ಜನ, ಶಾಮಿಯಾನ, ಬಾಡಿಗೆ ಕುರ್ಚಿ. ಶನಿವಾರ ಮಧ್ಯಾಹ್ನ ಹನ್ನೆರಡಾದರೂ ನಾವಿನ್ನೂ ಕುರ್ಚಿ ಜೋಡಿಸ್ತಾ ಇದ್ವಿ. ಬಂದವರಿಗೆ ಊಟ ಹಾಕೋದರಲ್ಲೇ ಒಂದೂವರೆ ಗಂಟೆ ಹೋಯ್ತು. ಗ್ಲಿಸರಿನ್ ಹಾಕಿ ಅಳಿಸಿದ್ದೇ ಅಳಿಸಿದ್ದು. ಪ್ರದರ್ಶನದ ದಿನ ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಆಗ ಸಿಟ್ಟು ಬಂದಿತ್ತು, ಈಗ ಅವರ ತಪ್ಪಿಲ್ಲ ಅನ್ನಿಸ್ತದೆ. ಆರು ನಿಮಿಷ ಅತ್ತಿದ್ದೇವೆ, ಸತ್ತವರು ಎಂಥ ಮನುಷ್ಯ ಅಂತ ಒಂದೇ ಒಂದು ಕಡೆ ತೋರಿಸಿಲ್ಲ. ಗುರುತೇ ಇಲ್ಲದವರ ಮನೆಗೆ ಹೋಗಿ ಅಳಿ ಅಂದ್ರೆ ಯಾರು ಅಳ್ತಾರೆ?

ಅದಕ್ಕೇ ಹೇಳೋದು, ಹನ್ನೆರಡನೇ ದಿನದಿಂದ ಶುರು ಮಾಡಿ.

ಸಾವಾದ ಮನೆಯಲ್ಲಿ ಮೊದಲ ಹತ್ತು ಹನ್ನೊಂದು ದಿನ ದುಃಖಕ್ಕೆ ಪುರುಸೊತ್ತೇ ಇರೋದಿಲ್ಲ, ನೀವೂ ನೋಡಿರ್ತೀರಿ. ಅಕ್ಕಪಕ್ಕದವರು ಗಂಜಿ ತರ್ತಾರೆ, ಯಾರೋ ಸೌದೆ ಒಡೀತಾರೆ, ಯಾರೋ ದಾರಿ ತೋರಿಸೋಕೆ ಗೇಟಿನ ಹತ್ರ ನಿಲ್ತಾರೆ. ಹನ್ನೊಂದರ ಕರ್ಮ ಮುಗಿದು ಪಾತ್ರೆಗಳೂ ಬಾಡಿಗೆ ಅಂಗಡಿಗೆ ವಾಪಸ್ ಹೋದ ಮೇಲೆ, ಮಾರನೇ ದಿನ ಬೆಳಿಗ್ಗೆ ಆ ಮನೆ ಹೇಗಿರ್ತದೆ? ಅಲ್ಲಿಂದ ನಿಮ್ಮ ಸಿನಿಮಾ. ನಿಮಗೆ ಇನ್ನೊಂದು ಲಾಭವೂ ಉಂಟು. ಹನ್ನೆರಡನೇ ದಿನದ ಮನೆಯಲ್ಲಿ ಇರೋದೇ ಇಬ್ಬರು ಮೂವರು. ಶಾಮಿಯಾನ ಬೇಡ, ಚಿತೆ ಬೇಡ, ಆಸ್ಪತ್ರೆಯವರನ್ನು ಒಪ್ಪಿಸೋ ತಲೆನೋವು ಬೇಡ. ಹದಿನಾಲ್ಕು ಸೀನು ಎರಡೋ ಮೂರೋ ಆಗ್ತದೆ.

ಆ ದಿನ ಮಗ ಏನು ಮಾಡ್ತಾನೆ? ತೋಟದ ಮನೆ ಅಲ್ವಾ, ಸಂತೆಯ ಹಿಂದಿನ ಸಂಜೆ ಬಟವಾಡೆ ಇರ್ತದೆ. ಸಾವು ಬಂತು ಅಂತ ಕೆಲಸದವರ ಸಂಬಳ ನಿಲ್ಲಿಸೋಕೆ ಆಗ್ತದಾ? ಮಗ ಅಪ್ಪನ ಚೆಕ್‌ರೋಲ್ ಪುಸ್ತಕ, ಅಂದ್ರೆ ಕೆಲಸದವರ ಹಾಜರಿ ಪುಸ್ತಕ, ತೆಗೀತಾನೆ. ಒಂದು ತಾರೀಖಿನವರೆಗೆ ಅಪ್ಪನ ಅಕ್ಷರ, ಆಮೇಲೆ ಖಾಲಿ ಚೌಕ. ಪೂರ್ತಿ ದಿನಕ್ಕೆ ಒಂದು ಸರಿ ಗುರುತು, ಅರ್ಧ ದಿನಕ್ಕೆ ಓರೆ ಗೀಟು, ಅಷ್ಟು ಅವನಿಗೆ ಅರ್ಥ ಆಗ್ತದೆ. ಒಬ್ಬಳ ಹೆಸರಿನ ಮುಂದೆ ಮಾತ್ರ ಅಲ್ಲಲ್ಲಿ ಗೀಟಿನ ಪಕ್ಕ ಒಂದು ಸಣ್ಣ ಸೊನ್ನೆ. ಜಗಲಿಯಲ್ಲಿ ಕೂತ ಆ ಅಕ್ಕನನ್ನೇ ಕೇಳ್ತಾನೆ. 'ಅದು ನಂಗೆ ಮಂಡಿ ನೋವಿದ್ದ ದಿನ. ಅರ್ಧ ದಿನ ಬಂದ್ರೂ ಪೂರ್ತಿ ಕೊಡ್ತಿದ್ರು' ಅಂತಾಳೆ. ಮಗ ದುಡ್ಡು ಎಣಿಸಿ ಕೊಡ್ತಾನೆ. ಈ ವಾರದ ಚೌಕ ತುಂಬಬೇಕು, ಕೈಗೆ ಸಿಗೋದು ಕೆಂಪು ಪೆನ್ನು, ಅಪ್ಪನದ್ದೆಲ್ಲ ನೀಲಿ. ಸ್ವಲ್ಪ ಹೊತ್ತು ನೀಲಿ ಪೆನ್ನು ಹುಡುಕ್ತಾನೆ, ಸಿಗೋದಿಲ್ಲ. ಅಷ್ಟೇ. ಅಪ್ಪನ ಫೋಟೋ ಕೂಡ ತೋರಿಸಿಲ್ಲ, ಆದರೂ ಅಪ್ಪ ಎಂಥವರು ಅಂತ ಗೊತ್ತಾಯ್ತು. ಇದನ್ನೇ ಮಾಡಿ ಅಂತಲ್ಲ, ನಿಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೇದು ಇರ್ತದೆ. ಆದರೆ ಇಷ್ಟೇ ಸಣ್ಣದಿರಲಿ.

ಈ ಥರದ ಸ್ಪರ್ಧೆ ಶುರುವಾದದ್ದು ಅಮೆರಿಕದ ವಾಷಿಂಗ್ಟನ್‌ನಲ್ಲಿ, 2001ರಲ್ಲಿ. ಶುಕ್ರವಾರ ಸಂಜೆ ಒಂದು ಪಾತ್ರ, ಒಂದು ವಸ್ತು, ಒಂದು ಮಾತು ಕೊಡ್ತಾರೆ, ಮೂರೂ ಚಿತ್ರದಲ್ಲಿ ಇರಬೇಕು. ನಿಮ್ಮವರೂ ಹಾಗೇ ಏನಾದ್ರೂ ಕೊಟ್ಟಾರು. ಛತ್ರಿ ಕೊಡಲಿ, ಬಕೆಟ್ ಕೊಡಲಿ, ಹನ್ನೆರಡನೇ ದಿನದ ಮನೆಯಲ್ಲಿ ಎಲ್ಲದಕ್ಕೂ ಜಾಗ ಇದೆ. ಚಿತೆಯ ಪಕ್ಕ ಬಕೆಟ್ ತುರುಕಿ ನೋಡಿ, ಗೊತ್ತಾಗ್ತದೆ. ಬರವಣಿಗೆ ಆ 48 ಗಂಟೆಯ ಒಳಗೇ ಆಗಬೇಕು ಅನ್ನೋ ನಿಯಮವೂ ಸಾಮಾನ್ಯವಾಗಿ ಇರ್ತದೆ, ಓದಿಕೊಳ್ಳಿ. ಮನೆ ಗೊತ್ತು ಮಾಡೋದು, ನಟರನ್ನು ಒಪ್ಪಿಸೋದು, ಬೆಳಕು ಎಷ್ಟೊತ್ತಿಗೆ ಎಲ್ಲಿ ಬೀಳ್ತದೆ ಅಂತ ನೋಡೋದು, ಇದಕ್ಕೆಲ್ಲ ಯಾರೂ ಬೇಡ ಅನ್ನೋದಿಲ್ಲ.

ಒಂದಷ್ಟು ಶಾಟುಗಳನ್ನು ಕೈಮುಗಿದು ಬೇಡ ಅಂತೇನೆ. ಅಭ್ಯಾಸ ಬಲದಿಂದ ಎರಡು ಲೋಟ ಕಾಫಿ ಇಡೋದು. ಹಾರ ಹಾಕಿದ ಫೋಟೋದ ಮೇಲೆ ನಿಧಾನಕ್ಕೆ ಜೂಮ್. ಖಾಲಿ ಆರಾಮ ಕುರ್ಚಿ. ಪಿಂಡ ಮುಟ್ಟದ ಕಾಗೆ. ಕಾಗೆಯ ವಿಷಯಕ್ಕೆ ಹೇಳ್ತೇನೆ, ಅದು ನಿಮ್ಮ ಟೈಮಿಗೆ ಬರೋದೂ ಇಲ್ಲ, ನಾವು ಎರಡು ಗಂಟೆ ಕಾದಿದ್ದೇವೆ.

ಹಾಗೇ ದುಃಖದ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ) ಐದು ಸೀನಾಗಿ ತೋರಿಸ್ತೇವೆ ಅಂತ ಆ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಬರೆದಿದ್ರು. ಆ ಐದು ಹಂತ ಹೇಳಿದ್ದು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್, 1969ರಲ್ಲಿ. ಅವರು ಮಾತಾಡಿಸಿದ್ದು ತಮ್ಮ ಸಾವನ್ನೇ ಎದುರು ನೋಡ್ತಿದ್ದ ರೋಗಿಗಳನ್ನು. ಉಳಿದವರ ದುಃಖಕ್ಕೆ ಅದನ್ನು ಹಚ್ಚಿದ್ದು ಆಮೇಲೆ. ನಮ್ಮ ಮನೆಗಳಲ್ಲಿ ಯಾರೂ ಆ ಸಾಲು ಹಿಡಿದು ದುಃಖ ಪಡೋದನ್ನು ನಾನಂತೂ ನೋಡಿಲ್ಲ. ಬೆಳಿಗ್ಗೆ ಚೆನ್ನಾಗಿರ್ತಾರೆ, ಹನ್ನೊಂದು ಗಂಟೆಗೆ ಹೋದವರ ಗಂಬೂಟು ಕಣ್ಣಿಗೆ ಬಿದ್ರೆ ಮುಗೀತು.

ಕೊಡವರ ಮನೆಯ ಕಥೆ ಮಾಡೋದಾದರೆ ಒಂದು ಉಪಾಯ. ಅವರಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸ್ತಾರೆ. ಕಪ್ಪು ಪರದೆ, ಬೆನ್ನುಬೆನ್ನಿಗೆ ಎರಡು ಗುಂಡಿನ ಸದ್ದು, ಅಷ್ಟು ಸಾಕು, ಸಾವಿನ ಸುದ್ದಿ ಮುಟ್ಟಿತು. ಬೆಂಗಳೂರಿನ ತೀರ್ಪುಗಾರರಿಗೆ ಗೊತ್ತಾಗದೇ ಹೋದ್ರೆ ಮುಂದಿನ ಶಾಟಿನಲ್ಲಿ ಗೊತ್ತಾಗಲಿ. ಆದರೆ ನಿಜವಾದ ಕೋವಿ ಸೆಟ್ಟಿಗೆ ತರಲೇಬೇಡಿ, ಸದ್ದನ್ನು ಎಡಿಟಿಂಗಿನಲ್ಲಿ ಹಾಕಿ. ಅಪಾಯ ಒಂದು ಕಡೆ ಇರಲಿ, ಊರಲ್ಲಿ ಎರಡು ಗುಂಡು ಹಾರಿಸಿದ್ರೆ ಯಾರು ಹೋದ್ರು ಅಂತ ನಾಲ್ಕು ಮನೆಯವರು ಓಡಿ ಬರ್ತಾರೆ, ನಿಮ್ಮ ಶನಿವಾರ ಅಲ್ಲಿಗೆ ಮುಗೀತು.

ಇನ್ನೊಂದು ಗಟ್ಟಿಯಾಗೇ ಹೇಳ್ತೇನೆ. ಹಿನ್ನೆಲೆಗೆ 2018ರ ಆಗಸ್ಟಿನ ಕೊಡಗಿನ ಗುಡ್ಡ ಕುಸಿತದ ವಿಡಿಯೋ ಸೇರಿಸ್ತೇವೆ ಅಂದಿದ್ದೀರಿ. ನಿಮ್ಮ ಕಥೆ ಅದರದ್ದಲ್ಲ. ಮಕ್ಕಂದೂರು, ಜೋಡುಪಾಲದ ಕಡೆಯವರು ಈ ಗುಂಪಿನಲ್ಲೇ ಇದ್ದಾರೆ. ನಿಮ್ಮ ಚಿತ್ರಕ್ಕೆ ತೂಕ ಬರಲಿ ಅಂತ ಅವರ ಮನೆ ಬಿದ್ದದ್ದನ್ನು ಎರಡು ಸೆಕೆಂಡು ತೋರಿಸೋದು ಸರಿಯಲ್ಲ. ಬೇರೆಯವರು ತೆಗೆದ ವಿಡಿಯೋ ಕೇಳದೆ ಹಾಕಿದ್ರೆ ಸ್ಪರ್ಧೆಯಿಂದ ಹೊರಗೆ ಹಾಕಲೂಬಹುದು.

ಈಗ ಟೈಮಿನ ಲೆಕ್ಕ. ನಮ್ಮಂಥವರಿಗೆ ಒಂದು ಶಾಟ್ ಇಟ್ಟು, ಬೆಳಕು ನೋಡಿ, ಮೂರು ಟೇಕ್ ತೆಗೆಯೋಕೆ 25 ನಿಮಿಷ ಬೇಕು. ಶನಿವಾರ ಹತ್ತು ಗಂಟೆ ಕೆಲಸ ಮಾಡಿದ್ರೆ 24 ಶಾಟು. ಹಾಗಾಗಿ ಏಳು ನಿಮಿಷಕ್ಕೆ ಬರೀಬೇಡಿ, ಐದಕ್ಕೆ ಬರೀರಿ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಪೆನ್ನು ಕೆಳಗಿಡಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ, ಮಾತಿಲ್ಲದ ಜಾಗದಲ್ಲಿ ಆ ಕೆಲಸವನ್ನು ನಿಜವಾಗಿ ಮಾಡಿ ನೋಡಿ. ಪುಸ್ತಕ ತೆಗೆದು ಪುಟ ಹುಡುಕೋಕೇ 20 ಸೆಕೆಂಡು ಬೇಕು, ಹಾಳೆ ಮೇಲೆ ಅದು ಅರ್ಧ ಸಾಲು. ಬೆಳಕು ಸಂಜೆ ಆರೂ ಕಾಲರ ತನಕ ಇರ್ತದೆ ಅಂತ ನಂಬಬೇಡಿ. ನೆರಳಿನ ಮರದ ಕೆಳಗೆ ಐದಕ್ಕೇ ಫೋನಿನ ಚಿತ್ರ ಕಾಳು ಕಾಳಾಗ್ತದೆ. ತೋಟದ ಶಾಟು ಬೆಳಿಗ್ಗೆ, ಮನೆಯೊಳಗಿನದ್ದು ಮಧ್ಯಾಹ್ನದ ಮೇಲೆ. ಭಾನುವಾರ ಬೆಳಿಗ್ಗೆ ಹತ್ತರವರೆಗೆ ಬಿಟ್ಟುಹೋದ ಒಂದೆರಡು ಶಾಟಿಗೆ ಇಟ್ಟುಕೊಳ್ಳಿ, ಮಧ್ಯಾಹ್ನ ಹನ್ನೆರಡಕ್ಕೆ ಚಿತ್ರದ ಕತ್ತರಿ ಕೆಲಸ ನಿಲ್ಲಿಸಿ, ಮೂರರವರೆಗೆ ಬರೀ ಸದ್ದು.

ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಇಲ್ಲದಿದ್ರೆ ಟ್ಯೂಬ್‌ಲೈಟ್ ಪಟಪಟ ಅನ್ನೋದು ಕಾಣ್ತದೆ. ಎಕ್ಸ್‌ಪೋಶರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡೂ ಲಾಕ್ ಮಾಡಿ. ಹೊರಗಿನ ಚಳಿಯಿಂದ ಒಲೆ ಉರಿಯೋ ಅಡುಗೆಮನೆಗೆ ಫೋನ್ ತಂದ ಕೂಡಲೇ ಲೆನ್ಸ್ ಮಂಜು ಹಿಡೀತದೆ, ಹತ್ತು ನಿಮಿಷ ಬಿಡಿ.

ನಮ್ಮೂರಲ್ಲಿ ಚಿತ್ರ ಕೆಡಿಸೋದು ಸದ್ದು. ಸೆಪ್ಟೆಂಬರಿನಲ್ಲಿ ಮಳೆ ಪೂರ್ತಿ ಬಿಟ್ಟಿರೋದಿಲ್ಲ. ಶೀಟಿನ ಮಾಡಿನ ಕೆಳಗೆ ಮಾತು ಇಟ್ಟರೆ ಸತ್ತಿರಿ, ಹೆಂಚಿನ ಮನೆ ಹುಡುಕಿ. ಮೈಕ್ ಇಲ್ಲದಿದ್ರೆ ಎರಡನೇ ಫೋನನ್ನು ರೆಕಾರ್ಡಿಂಗ್ ಹಾಕಿ ನಟನ ಅಂಗಿ ಜೇಬಿಗೆ ಇಳಿಸಿ, ಟೇಕ್ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಜೋಡಿಸಲು ಅದೇ ಗುರುತು. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ನಿಂತು ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ. ದುಃಖದ ಚಿತ್ರದಲ್ಲಿ ಮೌನ ಜಾಸ್ತಿ, ಅಲ್ಲಿಗೆಲ್ಲ ಇದನ್ನೇ ಹಾಕಬೇಕು. ಸದ್ದನ್ನು ಪೂರ್ತಿ ಸೊನ್ನೆ ಮಾಡಿದ್ರೆ ಸ್ಪೀಕರ್ ಕೆಟ್ಟಿತಾ ಅಂತ ಜನ ತಿರುಗಿ ನೋಡ್ತಾರೆ. ಜೀರುಂಡೆ, ಮಾಡಿನಿಂದ ತೊಟ್ಟಿಕ್ಕೋ ನೀರು, ದೂರದ ರಸ್ತೆಯಲ್ಲಿ ಜೀಪು, ಇವೆಲ್ಲ ಇದ್ರೇ ಅದು ಮೌನ. ಪಿಟೀಲು ಬೇಡ.

ನಟರಿಗೆ ಅಳೋಕೆ ಹೇಳಬೇಡಿ, ಕೈಗೆ ಕೆಲಸ ಕೊಡಿ. ನಮ್ಮ ಎರಡನೇ ಚಿತ್ರದಲ್ಲಿ ನಟಿಸಿದ್ದು ಪಕ್ಕದ ಮನೆಯ ಜೀಪ್ ಡ್ರೈವರಣ್ಣ, ಹಿಂದೆಂದೂ ಕ್ಯಾಮರಾ ಮುಂದೆ ನಿಂತವರಲ್ಲ. ಅಪ್ಪ ದಿನಾ ಸಂಜೆ ಬಚ್ಚಲ ಹಂಡೆಗೆ ಬೆಂಕಿ ಹಾಕ್ತಿದ್ರು, ಈಗ ನೀವು ಹಾಕಿ ಅಂದ್ವಿ. ಸೌದೆ ನಿಜಕ್ಕೂ ಒದ್ದೆ ಇತ್ತು. ಊದುಗೊಳವೆ ಹಿಡಿದು ಊದಿದ್ರು, ಹತ್ತಲಿಲ್ಲ. ತೆಂಗಿನ ಸಿಪ್ಪೆ ತುರುಕಿದ್ರು, ಹೊಗೆ ಬಂತು, ಮತ್ತೆ ಆರಿತು. ಕಟ್ ಅನ್ನೋಕೆ ನನಗೆ ಬಾಯಿ ಬರಲಿಲ್ಲ, ನಾಲ್ಕು ನಿಮಿಷ ಓಡಿತು. ಹೊಗೆಗೆ ಕಣ್ಣಲ್ಲಿ ನೀರು, ತೋಳಿನಿಂದ ಒರೆಸಿಕೊಂಡು ಮತ್ತೆ ಊದ್ತಾರೆ. ಅದರಲ್ಲಿ ಒಂದು ನಿಮಿಷ ಹತ್ತು ಸೆಕೆಂಡು ಕತ್ತರಿಸದೆ ಉಳಿಸಿದ್ವಿ. ಆವತ್ತು ಯಾರೂ ನಗಲಿಲ್ಲ. ಅಣ್ಣನನ್ನು ಕೇಳಿದ್ರೆ 'ಹೊಗೆ ಮಾರಾಯ' ಅಂತಾರೆ.

ಮುಖದಲ್ಲಿ ಏನೂ ಇಲ್ಲದಿದ್ರೂ ಹೆದರಬೇಡಿ. ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಂದೇ ಮುಖದ ಒಂದೇ ಶಾಟನ್ನು ಸೂಪಿನ ತಟ್ಟೆಯ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ್ದರು, ನೋಡಿದವರಿಗೆ ಒಂದು ಕಡೆ ಹಸಿವು, ಇನ್ನೊಂದು ಕಡೆ ದುಃಖ ಕಂಡಿತಂತೆ. ಖಾಲಿ ಚೌಕದ ಶಾಟ್ ಆದಮೇಲೆ ಮಗನ ಸುಮ್ಮನಿರೋ ಮುಖ ಬಂದ್ರೆ ಉಳಿದದ್ದು ನೋಡುವವರೇ ಸೇರಿಸಿಕೊಳ್ತಾರೆ. ಮಾತೂ ಅಷ್ಟೇ, ಕೆಲಸದ ಅಕ್ಕ ಅವಳು ಆಡೋ ಕನ್ನಡದಲ್ಲೇ ಆಡಲಿ, ತಿದ್ದಬೇಡಿ.

ಕೊನೆಗೆ ಅಪ್‌ಲೋಡು. ನಮ್ಮದು ಒಮ್ಮೆ ಇಲ್ಲೇ ಹೋಯ್ತು. ತೋಟದಲ್ಲಿ ನೆಟ್‌ವರ್ಕ್ ಸಿಗದೆ ರಾತ್ರಿ ಜೀಪಲ್ಲಿ ಪೇಟೆಗೆ ಓಡಿದ್ವಿ, ಆನೆ ದಾಟ್ತಿದೆ ಅಂತ ದಾರಿಯಲ್ಲಿ ಇಪ್ಪತ್ತು ನಿಮಿಷ ನಿಂತ್ವಿ, ಹನ್ನೊಂದು ನಿಮಿಷ ತಡ. 1080ಪಿಯಲ್ಲಿ, 10 ಎಂಬಿಪಿಎಸ್‌ಗೆ (ಸೆಕೆಂಡಿಗೆ 10 ಮೆಗಾಬಿಟ್) ತೆಗೆದ್ರೆ ಐದು ನಿಮಿಷದ ಫೈಲು ಸುಮಾರು 375 ಎಂಬಿ ಬರ್ತದೆ, 4ಕೆ ಆಸೆ ಬಿಡಿ. ಭಾನುವಾರ ನಾಲ್ಕು ಗಂಟೆಗೇ ಹೇಗಿದೆಯೋ ಹಾಗೆ ಒಂದು ಪ್ರತಿ ತೆಗೆದು, ಲ್ಯಾಪ್‌ಟಾಪ್ ಸಮೇತ ನೆಟ್‌ವರ್ಕ್ ಇರೋ ಜಾಗಕ್ಕೆ ಹೋಗಿ ಕೂತುಬಿಡಿ. ಕರೆಂಟ್ ಹೋಗ್ತದೆ, ಬ್ಯಾಟರಿ ತುಂಬಿರಲಿ.

ನನ್ನ ಹತ್ರ ಒಂದು ಕಾಲರ್ ಮೈಕ್ ಇದೆ, ಶುಕ್ರವಾರ ಮಧ್ಯಾಹ್ನದ ಒಳಗೆ ಬಂದು ತಗೊಂಡು ಹೋಗಿ. ಚೆಕ್‌ರೋಲ್ ಹಳೇದು ಬೇಕಾದ್ರೆ ಅದನ್ನೂ ಕೊಡ್ತೇನೆ. ಅರ್ಧದವರೆಗೆ ಅಪ್ಪನ ಅಕ್ಷರ ಇದೆ, ಆಮೇಲೆ ನನ್ನದು. ಹಿಂದೆ ಖಾಲಿ ಪುಟಗಳಿವೆ, ಬರೆಯೋದಿದ್ರೆ ಅಲ್ಲಿ ಬರೀರಿ.